ಅರವಟ್ಟಿಗೆಗೆ ಆಳು ಬೇಕಾದದ್ದು

ಊರಿನ, ಕಾಡಿನ ಪ್ರಾಣಿಗಳೆಲ್ಲ ಸೇರಿ ದಾರಿಹೋಕರಿಗೆ ಪುಕ್ಕಟೆ ನೀರು ಕೊಡುವ ಒಂದು ಅರವಟ್ಟಿಗೆ ಇಟ್ಟಿದ್ದವು. ಟಗರು ಅದರ ಅಧ್ಯಕ್ಷ. ನೀರು ಕೊಡಲು ಒಬ್ಬರು ಬೇಕೆಂದು ಟಗರು ಸಾರಿದ್ದೇ ತಡ, ಮರುದಿನ ಬೆಳಗ್ಗೆಯೇ ಬಾಗಿಲಲ್ಲಿ ಉದ್ದನೆಯ ಸಾಲು ನಿಂತಿತು.

“ಸಂದರ್ಶನ ಮುಗಿಯುವ ತನಕ ಯಾರೂ ಮಡಕೆ ಮುಟ್ಟಕೂಡದು,” ಎಂದು ಟಗರು ಮುಚ್ಚಳದ ಮೇಲೆ ಕಲ್ಲು ಹೇರಿತು.

ಬಿಸಿಲು ನೆತ್ತಿಗೆ ಬಂತು. ಒಳಗೆ ಎಲ್ಲರಿಗೂ ಒಂದೇ ಪ್ರಶ್ನೆ: “ಬಾಯಾರಿದವರು ನಮ್ಮ ಬಾಗಿಲಲ್ಲೇ ಕುಸಿದು ಬಿದ್ದರೆ ಏನು ಮಾಡುತ್ತೀರಿ?”

ಕೋಳಿ ತಡವರಿಸಿತು. ಮೊಲ ಅರ್ಧಕ್ಕೇ ನಿಲ್ಲಿಸಿತು. ಕೊಕ್ಕರೆ ಮಾತ್ರ ಕತ್ತು ನೆಟ್ಟಗೆ ಮಾಡಿ ಹೇಳಿತು: “ಮೊದಲು ರೆಕ್ಕೆ ಬಿಚ್ಚಿ ನೆರಳು ಮಾಡುತ್ತೇನೆ ಸ್ವಾಮಿ. ತುಟಿ ಒದ್ದೆ ಮಾಡುತ್ತೇನೆ. ಆಮೇಲೆ ಗುಟುಕು ಗುಟುಕಾಗಿ...”

ಹೊರಗೆ ಏನೋ ದೊಪ್ಪನೆ ಬಿತ್ತು.

“ಅಲ್ಲೇನು ಗಲಾಟೆ? ಒಳಗೆ ಸಂದರ್ಶನ ನಡೆಯುತ್ತಿದೆ!” ಎಂದು ಟಗರು ಗದರಿತು. “ನೀವು ಮುಂದುವರಿಸಿ.”

ಕೊಕ್ಕರೆ ಮುಂದುವರಿಸಿತು. ಕೆಲಸವೂ ಅದಕ್ಕೇ ಆಯಿತು.

ಹೆಸರು ಸಾರಲು ಟಗರು ಕೊಕ್ಕರೆಯ ಜೊತೆ ಹೊರಗೆ ಬಂತು. ಸಾಲಿನ ಕೊನೆಯಲ್ಲಿದ್ದ ಮುದಿ ಕತ್ತೆ ಬಾಯಿ ತೆರೆದು ಬಿಸಿಲಲ್ಲಿ ಬಿದ್ದಿತ್ತು. ಉಳಿದವರಲ್ಲಿ ಒಬ್ಬರೂ ತಮ್ಮ ಜಾಗ ಬಿಟ್ಟು ಕದಲಿರಲಿಲ್ಲ.

“ಅಯ್ಯಯ್ಯೋ, ನೀರು! ಬೇಗ ನೀರು ಕೊಡಿ!” ಎಂದು ಟಗರು ಚೀರಿತು.

“ಕೊಡೋಣ ಸ್ವಾಮಿ,” ಎಂದಿತು ಕೊಕ್ಕರೆ. “ಆದರೆ ನನ್ನ ಕೆಲಸ ನಾಳೆಯಿಂದ ಅಲ್ಲವೇ?”

ಟಗರು ತಾನೇ ಓಡಿಹೋಗಿ, ಕಲ್ಲು ಕೆಡವಿ, ಮಡಕೆ ತಂದು ಬಗ್ಗಿಸಿತು. ನೀರು ಗಂಟಲಿಗೆ ಇಳಿಯಲಿಲ್ಲ. ಕೆನ್ನೆಯ ಮೇಲಿಂದ ಹರಿದು ಮಣ್ಣು ಸೇರಿತು.

ದಿನದಂತೆ ಅಂದು ಬೆಳಗ್ಗೆಯೂ ಆ ಮಡಕೆಗೆ ನೀರು ಹೊತ್ತು ತಂದದ್ದು ಆ ಕತ್ತೆಯೇ.