ಹನ್ನೆರಡನೆಯ ಕೈಗವಸು

"ಗುರುಗಳೇ, ನಲವತ್ತೆಂಟು ದಿನದ ವ್ರತದಲ್ಲಿ ಮೂರೇ ದಿನ ಉಳಿದಿರುವಾಗ ಎದ್ದು ಹೋದರೆ, ಮಾಡಿದ್ದೆಲ್ಲ ನೀರುಪಾಲಾದಂತಲ್ಲವೇ?"

ಮಲ್ಲರಸ ಈ ಪ್ರಶ್ನೆಯನ್ನು ಗದ್ದುಗೆಯ ಹೊಸ್ತಿಲ ಒಳಗಿನಿಂದ ಕೇಳಿದ. ಗುರುಗಳು ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದರು.

ಮಠಕ್ಕೆ ಬರುವ ಮೊದಲು ಮಲ್ಲರಸ ನಾಯಕರ ಪಡೆಯಲ್ಲಿ ಕುದುರೆ ಸವಾರನಾಗಿದ್ದವನು. ಕೈಯಲ್ಲಿ ಕತ್ತಿ ಇದ್ದಷ್ಟು ದಿನ ಯಾರನ್ನೂ ಕಾಪಾಡಲಿಲ್ಲ, ಇನ್ನು ಮೇಲೆ ದಿಕ್ಕಿಲ್ಲದವರಿಗೆ ದಿಕ್ಕಾಗುತ್ತೇನೆ ಎಂದು ಪಣ ತೊಟ್ಟಿದ್ದ. ಅದಕ್ಕೆ ಬೇಕಾದ ಬಲ ಬರಲೆಂದು ಒಂದು ಮಂಡಲ ಕಾಲ ಹಿರಿಯ ಗುರುಗಳ ಗದ್ದುಗೆಯ ದೀಪ ಕಾಯಲು ಕೂತಿದ್ದ. ಹೊಸ್ತಿಲು ದಾಟುವಂತಿಲ್ಲ, ದೀಪ ಆರುವಂತಿಲ್ಲ. ಆ ನಿಯಮ ಅವನೇ ಮಾಡಿಕೊಂಡದ್ದು, ಯಾರೂ ಹೇರಿದ್ದಲ್ಲ.

ಆ ದಿನ ಬೆಳಿಗ್ಗೆ ಅವನ ಅಕ್ಕ ಮಠಕ್ಕೆ ಬಂದಿದ್ದಳು. ಗಂಡ ತೀರಿಕೊಂಡು ಮೂರು ತಿಂಗಳಾಗಿತ್ತು. ಮೈದುನರು ಮನೆ ಬಿಟ್ಟು ಹೋಗು ಎನ್ನುತ್ತಿದ್ದರು. ಮರುದಿನ ಪಂಚರು ಸೇರುವವರಿದ್ದರು. ತವರಿನ ಕಡೆಯ ಒಬ್ಬ ಗಂಡಸು ಪಕ್ಕದಲ್ಲಿ ನಿಲ್ಲದಿದ್ದರೆ ಹೆಂಗಸಿನ ಮಾತನ್ನು ಆ ಊರಿನಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅವಳಿಗೆ ತವರೆಂದರೆ ಮಲ್ಲರಸ ಒಬ್ಬನೇ. ವ್ರತದ ಸುದ್ದಿ ತಿಳಿದ ಮೇಲೆ ಅವಳು ಒಳಗೆ ಕಾಲಿಡಲಿಲ್ಲ. "ಅವನ ವ್ರತ ಕೆಡಿಸೋಕೆ ಬಂದವಳಲ್ಲ ನಾನು. ಬಂದಿದ್ದೀನಿ ಅಂತ ಒಂದು ಮಾತು ಹೇಳಿ, ಸಾಕು. ಹೊತ್ತು ಇಳಿದರೆ ಹೊರಡ್ತೀನಿ" ಎಂದು ಬಾಗಿಲ ಹೊರಗಿನ ಬೇವಿನ ಮರದಡಿ ಕೂತಿದ್ದಳು. ಆ ಮಾತು ಕಿವಿಗೆ ಬಿದ್ದಾಗಿನಿಂದ ಮಲ್ಲರಸ ಚೆನ್ನಾಗಿ ಉರಿಯುತ್ತಿದ್ದ ದೀಪದ ಬತ್ತಿಯನ್ನು ಸುಮ್ಮಸುಮ್ಮನೆ ತೀಡುತ್ತಿದ್ದ.

ಗುರುಗಳು ಕಟ್ಟೆಯ ಮೇಲೆ ಹೊಸ್ತಿಲ ಕಡೆಗೆ ತಿರುಗಿ ಕುಳಿತರು.

"ಕಾವಿ ಉಡುವ ಮೊದಲು ನಾನೂ ಕುದುರೆಗಳ ನಡುವೆ ಇದ್ದವನೇ," ಎಂದರು. "ಬಂದರಿಗೆ ಹೋಗಿ ನಾಯಕರಿಗೆ ಕುದುರೆ ಕೊಂಡು ತರುತ್ತಿದ್ದೆ. ಪಡುವಣ ಕಡಲಾಚೆಯ ಒಬ್ಬ ವ್ಯಾಪಾರಿ ನನಗೊಂದು ಕತೆ ಹೇಳಿದ. ಕುದುರೆಯ ವಯಸ್ಸಿನ ವಿಚಾರದಲ್ಲಿ ಅವನು ಬಾಯಿ ಬಿಟ್ಟರೆ ಸುಳ್ಳು. ಕತೆಯಲ್ಲಿ ಸುಳ್ಳಾಡಲು ಅವನಿಗೆ ಲಾಭವಿರಲಿಲ್ಲ. ಕೇಳು."

ಹೀಗೆಂದು ಗುರುಗಳು ಕತೆ ಹೇಳಿದರು.

ಆ ನಾಡಿನಲ್ಲಿ ಒಬ್ಬ ಸರದಾರನಿದ್ದ. ಅಲ್ಲಿ ಕುದುರೆ ಏರಿದ ಮಾತ್ರಕ್ಕೆ ಯಾರೂ ಸರದಾರನಾಗುತ್ತಿರಲಿಲ್ಲ. ದೇವರ ಮುಂದೆ ಮಂಡಿಯೂರಬೇಕು. ದೊರೆ ಅವನ ಹೆಗಲಿಗೆ ಕತ್ತಿ ಮುಟ್ಟಿಸಬೇಕು. ಸುಳ್ಳಾಡುವುದಿಲ್ಲ, ಬಿದ್ದವನನ್ನು ಹೊಡೆಯುವುದಿಲ್ಲ, ಹೆಂಗಸರನ್ನೂ ಅನಾಥರನ್ನೂ ಕಾಪಾಡುತ್ತೇನೆ ಎಂದು ಆಣೆ ಇಡಬೇಕು. ಎಷ್ಟೋ ಮಂದಿ ಎದ್ದು ನಿಂತು ಮಂಡಿಯ ಧೂಳು ಕೊಡವುವಾಗಲೇ ಆಣೆಯನ್ನೂ ಕೊಡವಿಬಿಡುತ್ತಿದ್ದರು. ಈತ ಅಂಥವನಲ್ಲ. ಈತ ಆಡಿದ ಮಾತನ್ನು ನಂಬಿದವನು.

ಆ ನಾಡಿನ ಸರದಾರರು ಒಬ್ಬ ಹೆಣ್ಣನ್ನು ಒಡತಿಯೆಂದು ಮನಸ್ಸಿನಲ್ಲಿಟ್ಟುಕೊಂಡು ಅವಳ ಹೆಸರಿನಲ್ಲಿ ಸಾಹಸ ಮಾಡುತ್ತಿದ್ದರು. ಈತನೂ ತನ್ನ ಒಡತಿ ಕೊಟ್ಟ ರೇಷ್ಮೆಯ ತುಂಡನ್ನು ಈಟಿಗೆ ಕಟ್ಟಿಕೊಂಡು ಒಂದು ಪಣ ಸಾರಿದ. ಹೊಳೆಯ ಸೇತುವೆಯನ್ನು ಮೂವತ್ತು ದಿನ ಬಿಟ್ಟು ಕದಲದೆ ಕಾಯುತ್ತೇನೆ. ದಾಟಬಯಸುವ ಸರದಾರ ನನ್ನೊಡನೆ ಸೆಣಸಬೇಕು. ಆಯುಧವಿಲ್ಲದ ಗಂಡಸು ತಲೆಬಾಗಿ ದಾಟಬಹುದು. ಹೆಂಗಸು ಬಂದರೆ ಬಲಗೈಯ ಕೈಗವಸನ್ನು ನನ್ನ ಬಳಿ ಬಿಟ್ಟು ದಾಟಬೇಕು. ಯಾವನಾದರೂ ವೀರ ನನ್ನನ್ನು ಗೆದ್ದು ಅದನ್ನು ಅವಳಿಗೆ ಮರಳಿಸಲಿ. ಈ ಕೊನೆಯ ನಿಯಮವನ್ನು ಅವನು ಹೆಂಗಸರ ಗೌರವಕ್ಕೆಂದೇ ಮಾಡಿದ್ದ. ಅವರಿಗಾಗಿ ಹೋರಾಡುವ ಭಾಗ್ಯ ವೀರರಿಗೆ ಸಿಗಲಿ ಎಂಬುದು ಅವನ ಆಸೆ. ದೊರೆ ಮೆಚ್ಚಿ ಮುದ್ರೆ ಒತ್ತಿದ.

ಇಪ್ಪತ್ತೊಂಬತ್ತು ದಿನ ಕಳೆದವು. ಈಟಿಗಳು ಮುರಿದವು, ಅವನ ಎರಡು ಪಕ್ಕೆಲುಬು ಮುರಿದವು, ಪಣ ಮುರಿಯಲಿಲ್ಲ. ಸೋತು ಬಿದ್ದವರಿಗೆ ತಾನೇ ನೀರು ಕುಡಿಸಿ ಕಳಿಸಿದ. ಸೇತುವೆಯ ತಲೆಗೆ ಕಟ್ಟಿದ ಹಗ್ಗದಲ್ಲಿ ಹನ್ನೊಂದು ಕೈಗವಸುಗಳು ತೂಗುತ್ತಿದ್ದವು. ಮುತ್ತು ಹೊಲಿದದ್ದು ದೊರೆಯ ಮಗಳದು. ಊರಿನ ಬಡ ಹೆಂಗಸರು ಮಾತ್ರ ಒಬ್ಬರೂ ಬರಲಿಲ್ಲ. ಅವರು ಆ ತಿಂಗಳೆಲ್ಲ ಎರಡು ಹರದಾರಿ ಸುತ್ತಿ ದೋಣಿಯಲ್ಲಿ ದಾಟುತ್ತಿದ್ದರು. ಅದನ್ನು ಸರದಾರನಿಗೆ ಯಾರೂ ಹೇಳಲಿಲ್ಲ, ಅವನಿಗೆ ಕೇಳಬೇಕೆಂದು ತೋಚಲೂ ಇಲ್ಲ.

ಮೂವತ್ತನೆಯ ದಿನ ಮಧ್ಯಾಹ್ನ ಒಬ್ಬ ಸೂಲಗಿತ್ತಿ ಏದುಸಿರು ಬಿಡುತ್ತ ಬಂದಳು. ಸರದಾರ ಒಬ್ಬನೇ ಇದ್ದ. ಸಂಜೆಯ ವಿಜಯೋತ್ಸವಕ್ಕೆ ಅಣಿ ಮಾಡಲು ಅವನ ಆಳುಗಳೆಲ್ಲ ಪಟ್ಟಣಕ್ಕೆ ಹೋಗಿದ್ದರು.

"ಸ್ವಾಮಿ, ಆಚೆ ದಡದಲ್ಲಿ ಒಬ್ಬಳು ಚೊಚ್ಚಲ ಬಸುರಿ ನೋವು ತಿನ್ನುತ್ತಿದ್ದಾಳೆ. ಮಗು ಅಡ್ಡ ತಿರುಗಿದೆಯಂತೆ. ದಾರಿ ಬಿಡಿ."

ಸರದಾರ ತಲೆಬಾಗಿ ಹೇಳಿದ: "ಧಾರಾಳವಾಗಿ ದಾಟು, ತಾಯಿ. ಬಲಗೈಯ ಗವಸನ್ನು ಬಿಟ್ಟು ಹೋಗು."

ಅವಳು ಎರಡೂ ಕೈ ಚಾಚಿ ತೋರಿಸಿದಳು. "ಈ ಕೈಗಳು ಗವಸು ಕಂಡಿಲ್ಲ, ಸ್ವಾಮಿ. ಮಕ್ಕಳನ್ನು ಹಿಡಿಯುವ ಕೈ ಬರಿಗೈಯೇ ಆಗಿರಬೇಕು."

ಸರದಾರ ಪೇಚಿಗೆ ಬಿದ್ದ. ದೊರೆಯ ಮಗಳನ್ನೇ ಅವನು ಹಾಗೆ ಬಿಟ್ಟಿರಲಿಲ್ಲ. ಇವಳಿಗೆ ನಿಯಮ ಸಡಿಲಿಸಿದರೆ ಉಳಿದ ಹನ್ನೊಂದು ಮಂದಿಗೆ ಅವಮಾನ ಮಾಡಿದಂತೆ. ಒಡತಿಯ ಹೆಸರಿಗೆ ಕುಂದು. ಉಳಿದಿರುವುದು ಅರ್ಧ ದಿನ. ತುಂಬ ಯೋಚಿಸಿ ಒಂದು ದಾರಿ ಕಂಡುಕೊಂಡ. ತೆಂಕಣ ಸೀಮೆಯಿಂದ ಒಬ್ಬ ಸರದಾರ ಹೊರಟಿದ್ದಾನೆ, ಹೊತ್ತು ಮುಳುಗುವುದರೊಳಗೆ ಬರುತ್ತಾನೆ, ಅವನು ನಿನಗಾಗಿ ಹೋರಾಡುತ್ತಾನೆ ಎಂದ. ತನ್ನ ಮೇಲುಹೊದಿಕೆಯನ್ನು ಕಲ್ಲಿನ ಮೇಲೆ ಹಾಸಿ ಅವಳನ್ನು ಕೂರಿಸಿದ. ತನ್ನ ಪಾಲಿನ ರೊಟ್ಟಿ ಕೊಟ್ಟ. ಹುಟ್ಟಿದಾಗಿನಿಂದ ಅವಳಿಗೆ ಯಾರೂ ಅಷ್ಟು ಮರ್ಯಾದೆ ಮಾಡಿರಲಿಲ್ಲ.

ಅವಳು ರೊಟ್ಟಿಯನ್ನು ಕಲ್ಲಿನ ಮೇಲಿಟ್ಟು ಎದ್ದಳು. ದೋಣಿಗೆ ಸುತ್ತಿ ಹೋಗಲು ಹೊತ್ತಿರಲಿಲ್ಲ. ದಡ ಇಳಿದಳು. ನೀರು ಕುಡಿಯಲು ಹೋಗುತ್ತಿದ್ದಾಳೆ ಎಂದುಕೊಂಡ ಸರದಾರ. ಅವಳು ಬಟ್ಟೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಾಗ ಅವನಿಗೆ ಅರ್ಥವಾಯಿತು. ಬೆಟ್ಟದ ಹಿಮ ಕರಗಿ ಹೊಳೆ ತುಂಬಿ ಹರಿಯುತ್ತಿತ್ತು.

ಕೂಗುತ್ತ ಓಡಿದ. ಸೇತುವೆಯ ಕೊನೆಯ ಕಲ್ಲಿನ ಬಳಿ ಅವನ ಕಾಲು ತಡೆಯಿತು. ಅದನ್ನು ದಾಟಿದರೆ ಪಣ ಹೋಯಿತು. ಎಷ್ಟು ಹೊತ್ತು ತಡೆಯಿತೋ ಅವನಿಗೇ ತಿಳಿಯದು. ಆಮೇಲೆ ದಾಟಿದ. ಕವಚದ ಪಟ್ಟಿಗಳೆಲ್ಲ ಬೆನ್ನಿನ ಕಡೆ. ಇನ್ನೊಬ್ಬರ ನೆರವಿಲ್ಲದೆ ಬಿಚ್ಚುವಂತಿಲ್ಲ. ಕಬ್ಬಿಣವನ್ನೆಲ್ಲ ಹೊತ್ತುಕೊಂಡೇ ಎದೆಮಟ್ಟ ನೀರಿಗೆ ಇಳಿದು ಬಲಗೈ ಚಾಚಿದ. ಕೊಚ್ಚಿಹೋಗುತ್ತಿದ್ದ ಅವಳು ಆ ಕೈಯನ್ನು ಹಿಡಿದಳು, ಬಿಗಿಯಾಗಿಯೇ ಹಿಡಿದಳು. ಆದರೆ ಅವಳ ಹಿಡಿತಕ್ಕೆ ಸಿಕ್ಕಿದ್ದು ಅವನ ಕೈಯಲ್ಲ, ಕೈಯ ಮೇಲಿನ ಕಬ್ಬಿಣದ ಗವಸು. ಅದು ಕಳಚಿಕೊಂಡಿತು. ಅವಳು ಅದರೊಂದಿಗೆ ಹೋದಳು. ಅವನು ನೀರಿನಲ್ಲಿ ಬರಿಗೈ ಚಾಚಿಕೊಂಡು ನಿಂತಿದ್ದ.

ಆಚೆ ದಡದ ಮನೆಯಲ್ಲಿ ತಾಯಿಯೂ ಉಳಿಯಲಿಲ್ಲ, ಮಗುವೂ ಉಳಿಯಲಿಲ್ಲ.

ಸರದಾರ ಆಸ್ಥಾನಕ್ಕೆ ಹೋಗಿ ನಡೆದದ್ದನ್ನು ಒಂದಕ್ಷರ ಬಿಡದೆ ಹೇಳಿದ. ಹೆಂಗಸಿಗಾಗಿ ಹೊಳೆಗೆ ಇಳಿದವನ ಪಣ ಮುರಿಯುವುದಿಲ್ಲ ಎಂದು ದೊರೆ ತೀರ್ಪು ಕೊಟ್ಟ. ಒಡತಿ ಹಾರ ಹಾಕಿದಳು. ಹಾಡುಗಾರರು ಹಾಡು ಕಟ್ಟಿದರು. ಹಾಡಿನಲ್ಲಿ ಸೇತುವೆ ಇತ್ತು, ಈಟಿ ಇತ್ತು, ರೇಷ್ಮೆ ಇತ್ತು, ಹೊಳೆಯೂ ಇತ್ತು. ಸೂಲಗಿತ್ತಿಯ ಹೆಸರು ಅವರಿಗೆ ಗೊತ್ತಿರಲಿಲ್ಲ.

ಮೂರನೆಯ ದಿನ ಹೊಳೆಯ ತಿರುವಿನಲ್ಲಿ ಅವಳ ಹೆಣ ಸಿಕ್ಕಿತು. ಮುಷ್ಟಿಯಲ್ಲಿ ಕಬ್ಬಿಣದ ಗವಸು ಹಾಗೇ ಇತ್ತು. ಸರದಾರ ಅದನ್ನು ತಂದು ಹಗ್ಗದಲ್ಲಿ ಹನ್ನೆರಡನೆಯದಾಗಿ ತನ್ನ ಕೈಯಾರೆ ಕಟ್ಟಿದ. ಆ ಕ್ಷಣದಲ್ಲಿ ಅವನಿಗೆ ಹೊಳೆಯಿತು: ಅದನ್ನು ಆ ದಿನವೇ ಅವಳ ಕೈಗೆ ಕೊಟ್ಟಿದ್ದರೆ ಅವಳು ಅದನ್ನೇ ಬಿಟ್ಟು ದಾಟಬಹುದಿತ್ತು. ನಿಯಮವೂ ಉಳಿಯುತ್ತಿತ್ತು, ಮೂರು ಜೀವವೂ ಉಳಿಯುತ್ತಿದ್ದವು. ಗವಸು ಅವನ ಕೈಯಲ್ಲೇ ಇತ್ತು. ಸೇತುವೆಯ ಮೇಲೆ ಕೂತು ಆ ದೊಡ್ಡ ಗಂಡಸು ಮಗುವಿನಂತೆ ಅತ್ತ. ಮುಂದೆ ಎಷ್ಟೋ ಯುದ್ಧಗಳಿಗೆ ಹೋದ. ಬಲಗೈಗೆ ಮಾತ್ರ ಸಾಯುವವರೆಗೆ ಗವಸು ತೊಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಹೊತ್ತು ಇಳಿಯತೊಡಗಿತ್ತು. ಹೊರಗೆ ಬೇವಿನ ಮರದಡಿ ಯಾರೋ ಎದ್ದು ಸೆರಗು ಕೊಡವಿದ ಸದ್ದಾಯಿತು.

ಮಲ್ಲರಸ ಎಣ್ಣೆಯ ಗಿಂಡಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಕತೆಯ ಸರದಾರನ ಪರವಾಗಿ ಏನಾದರೂ ಹೇಳದೆ ಇರಲು ಅವನಿಂದ ಆಗಲಿಲ್ಲ.

"ಅವನು ಕೆಟ್ಟವನಲ್ಲ, ಗುರುಗಳೇ. ಆ ಸೇತುವೆಯನ್ನು ನಿಷ್ಠೆಯಿಂದ ಕಾದ."

ಗುರುಗಳು ಹೊಸ್ತಿಲ ಮೇಲಿಂದ ಕೈ ಚಾಚಿ ಗಿಂಡಿಯನ್ನು ಅವನಿಂದ ತೆಗೆದುಕೊಂಡರು.

"ಕಾದ, ಆ ಸೂಲಗಿತ್ತಿಯಿಂದ ಕಾದ; ಈ ಹೊಸ್ತಿಲನ್ನು ನೀನು ಯಾರಿಂದ ಕಾಯುತ್ತಿದ್ದೀಯೆ?"