ಕರಿಲಿಂಗನಿಗೆ ಎರಡನೇ ಬಟ್ಟಲು

ಒಂದಾನೊಂದು ಊರಿನಲ್ಲಿ, ನೀವು ನೋಡಿಲ್ಲ ಬಿಡಿ, ನಾನೂ ನೋಡಿಲ್ಲ, ಒಬ್ಬ ರಾಜನಿದ್ದ. ಅವನಿಗೆ ಎಲ್ಲವೂ ಸಮ ಇರಬೇಕು. ಎಡಗಾಲಿಗೆ ಮುಳ್ಳು ಚುಚ್ಚಿದರೆ ಬಲಗಾಲಿಗೂ ಚುಚ್ಚಿಸಿಕೊಳ್ಳುವನು. "ಈಗ ಎರಡೂ ಕುಂಟುತ್ತವೆ. ನ್ಯಾಯ ಅಂದ್ರೆ ಇದು!" ಅನ್ನುವನು.

ಈ ರಾಜ ಊರಿಗೆಲ್ಲ ಒಂದು ಪರೀಕ್ಷೆ ಇಟ್ಟ. ಓಲೆಗರಿಯ ಮೇಲೆ ಹತ್ತು ಪ್ರಶ್ನೆ. ತೂತಿನ ತಾಮ್ರದ ಬಟ್ಟಲನ್ನು ನೀರಿನ ಮೇಲೆ ಬಿಡುವುದು. ಅದು ತುಂಬಿ ಮುಳುಗುವಷ್ಟರಲ್ಲಿ ಅರ್ಧಕ್ಕಾದರೂ ಸರಿಯುತ್ತರ ಬರೆದಿರಬೇಕು. ಬರೆಯದವರ ಹೆಸರು ಅರಮನೆಗೆ ಜಪ್ತಿ. ಆಮೇಲೆ ಕಟ್ಟಿಕೊಂಡ ಹೆಂಡತಿಯೂ "ಏಯ್" ಅಂತಲೇ ಕರೆಯಬೇಕು.

ಉಪ್ಪು ಮಾರುವ ಕರಿಲಿಂಗನಿಗೆ ಅದೇ ಹೆದರಿಕೆ. ಉತ್ತರವೆಲ್ಲ ಅವನಿಗೆ ಗೊತ್ತು. ಬೆಕ್ಕಿನ ಬಾಲ ಎಲ್ಲಿ ಮುಗಿಯುತ್ತದೆ, ಗೊತ್ತು. ಮೋಡದ ತೂಕ ಎಷ್ಟು, ಗೊತ್ತು. ಆದರೆ ಅವನ ಕಣ್ಣು ಬಿತ್ತೋ, ಓಲೆಯ ಅಕ್ಷರಗಳೆಲ್ಲ ಎದ್ದು ಕೋಲಾಟ ಶುರು! ಒಂದೊಂದನ್ನೂ ಬೇಡಿಕೊಳ್ಳಬೇಕು. "ಕೂತ್ಕೊಳ್ರಪ್ಪ, ಕೂತ್ಕೊಳ್ಳಿ." ಒಂದು ಸಾಲು ಕೂರುವಷ್ಟರಲ್ಲಿ ಹಿಂದಿನ ಸಾಲು ಎದ್ದಿರುತ್ತಿತ್ತು.

ಓಲೆ ಹಂಚಿದ್ದೇ ತಡ, ಬಟ್ಟಲು ಕಾಯುವ ಮುದುಕಿ ತಿರುಕವ್ವ ಇದನ್ನು ಕಂಡಳು. "ಬುದ್ಧೀ, ಇವನಿಗೆ ಇನ್ನೊಂದು ಬಟ್ಟಲು ಹೊತ್ತು ಕೊಡಿ" ಅಂದಳು ರಾಜನಿಗೆ.

ಪಟೇಲ ಮಂಚೇಗೌಡ ಹಾರಿಬಿದ್ದ. "ಅವನಿಗೆ ಎರಡು, ನಮಗೆ ಒಂದಾ? ಅವನೇನು ಅರಮನೆ ಅಳಿಯನೇ?"

"ಗೌಡ್ರೇ, ನಿಮ್ಮ ಅಕ್ಷರ ಕೂತವೆ. ಅವನವು ಕುಣೀತಾವೆ."

"ನಮಗೂ ಕುಣಿಸೋಕೆ ಬರುತ್ತೆ!"

ರಾಜ ಅಂದ: "ಸಮ ಅಂದ್ರೆ ಸಮ. ಎಲ್ಲರಿಗೂ ಎರಡು ಬಟ್ಟಲು. ಕೊಟ್ಟ ಹೊತ್ತು ಖರ್ಚಾಗೋವರೆಗೆ ಯಾರೂ ಏಳಬಾರದು."

ಬಟ್ಟಲು ಬಿಟ್ಟರು. ಮೊದಲನೆಯದು ಅರ್ಧ ಮುಳುಗುವುದರೊಳಗೆ ಗೌಡ ಹತ್ತೂ ಬರೆದು ಮುಗಿಸಿದ. ಮೊದಲನೆಯದು ಪೂರ್ತಿ ಮುಳುಗಿದ್ದೇ ತಡ, ಎರಡನೇ ಬಟ್ಟಲಿನ ಹೊತ್ತು ಬಂದು ಅವನ ತೊಡೆ ಏರಿತು.

"ನನಗೆ ಕೆಲಸ ಕೊಡು."

"ಇಲ್ಲವಲ್ಲೋ."

"ಹಾಗಾದ್ರೆ ಬರೆದದ್ದನ್ನೇ ತಿದ್ದು."

ಗೌಡ ತಿದ್ದಿದ. ಸರಿ ಇದ್ದದ್ದು ತಪ್ಪಾಯಿತು. ಇನ್ನೊಂದು ತಿದ್ದಿದ. ಅದೂ ತಪ್ಪಾಯಿತು. ಸುತ್ತ ಕೂತವರೂ ತಿದ್ದತೊಡಗಿದರು. ಬೆಕ್ಕಿನ ಬಾಲ ಹೋಗಿ ಮೀಸೆಯಲ್ಲಿ ಮುಗಿಯಿತು. ಮೋಡ ಎರಡು ಹಲಸಿನಹಣ್ಣಿನ ತೂಕವಾಯಿತು. ಐದನೆಯದನ್ನೂ ತಿದ್ದಿ ಮುಗಿಸಿದಾಗ ಗೌಡ ಕೂಗಿಕೊಂಡ.

"ಬುದ್ಧೀ, ಇನ್ನೊಂದು ತಿದ್ದಿದ್ರೆ ನನ್ನ ಹೆಸರೇ ಹೋಯ್ತು! ಈ ಹೊತ್ತು ವಾಪಸ್ ತಗೊಳ್ಳಿ!"

"ಕೊಟ್ಟದ್ದು ಕೊಟ್ಟೆ. ಬೇಕಾದವರಿಗೆ ದಾಟಿಸ್ಕೊಳ್ಳಿ."

ಬೇಕಾದವನು ಅಲ್ಲಿ ಒಬ್ಬನೇ. ಏಳುವ ಹಾಗಿಲ್ಲ. ಕೂತಲ್ಲಿಂದಲೇ ಕೈಯಿಂದ ಕೈಗೆ ದಾಟಿಸಿದರು. ಗೌಡನೇ ಕೈಮುಗಿದ. "ತಗೊಳ್ಳೋ ಮಾರಾಯ, ಪುಣ್ಯ ಬರುತ್ತೆ ನಿನಗೆ!"

"ನಿಮ್ಮ ಹೊಟ್ಟೆ ತಣ್ಣಗಿರಲಿ ಗೌಡ್ರೇ" ಅಂದ ಕರಿಲಿಂಗ. ಕೊಟ್ಟ ಪ್ರತಿಯೊಬ್ಬರಿಗೂ ಅಂದ. ಈಗ ಅವಸರವಿಲ್ಲ. ಒಂದೊಂದು ಅಕ್ಷರವನ್ನೂ ಕೈಹಿಡಿದು ಕೂರಿಸಿದ. ಹತ್ತೂ ಬರೆದ.

ಅಕ್ಷರಗಳು ಪಿಸುಗುಟ್ಟಿದವು: "ಇವರೆಲ್ಲ ನಮ್ಮನ್ನ ತುಳಕೊಂಡೇ ಓಡಿದ್ರು. ಕೂತ್ಕೊಳ್ಳಿ ಅಂತ ಮರ್ಯಾದೆ ಕೊಟ್ಟವನು ನೀನೊಬ್ಬನೇ ಕಣಪ್ಪ."

ಹೆಸರು ಉಳಿಸಿಕೊಂಡವರನ್ನು ಡಂಗುರದವನು ಕೂಗಿದ: "ಕರಿಲಿಂಗ!"

"ಓ" ಅಂದ. ಸಾಲದೆ ಇನ್ನೊಮ್ಮೆ ಕೂಗಿಸಿಕೊಂಡ. ಆಮೇಲೆ ಓಡಿಹೋಗಿ ತಿರುಕವ್ವನ ಕಾಲು ಹಿಡಿದ.

"ಅವ್ವಾ, ನನ್ನ ಹೆಸರು ನಿನ್ನಿಂದ ಉಳೀತು."

"ಏಳೋ. ಹೆಸರೂ ನಿಂದೇ, ಉತ್ತರಾನೂ ನಿಂದೇ. ನಾನು ಕೇಳಿದ್ದು ಒಂದು ಬಟ್ಟಲು ನೀರು."

ಕತೆ ಹೇಳಿದ ನನಗೊಂದು ಬೆಲ್ಲದ ಚೂರು, ಕೇಳಿದ ನಿಮಗೊಂದು. ನಿಮ್ಮ ಚೂರು ದೊಡ್ಡದಾದರೆ ತಿನ್ನಿ, ನಾನು ಜಗಳಕ್ಕೆ ಬರಲ್ಲ.