ಅರಸನ ಬೆನ್ನಿನ ತುರಿಕೆ

ತುಂಬೆಗಿರಿಯ ಆಸ್ಥಾನದಲ್ಲಿ ನಮ್ಮ ಮುತ್ತಜ್ಜನ ಮುತ್ತಜ್ಜ ಅಚ್ಚಪ್ಪ ಇದ್ದ. ಅವನ ಬುದ್ಧಿಯಲ್ಲಿ ಕಾಲುಭಾಗ ನನಗೆ ಬಂದಿದೆ. ಅಷ್ಟಕ್ಕೇ ನನ್ನ ತಲೆ ಭಾರವಾಗಿ ಮಧ್ಯಾಹ್ನ ಮಲಗಬೇಕಾಗುತ್ತದೆ.

ಅದೇ ಊರಲ್ಲಿ ಅರಮನೆಯ ಕಾರ್ಖಾನೆ ಇತ್ತು. ಎಷ್ಟು ದೊಡ್ಡದೆಂದರೆ, ಮುಂಬಾಗಿಲಲ್ಲಿ ಮೀಸೆ ಚಿಗುರದೆ ಒಳಹೋದವನು ಹಿತ್ತಿಲ ಬಾಗಿಲಲ್ಲಿ ಗಡ್ಡ ಸವರಿಕೊಂಡು ಹೊರಬರುತ್ತಿದ್ದ. ಒಂದು ಕಾಲದಲ್ಲಿ ಅದು ಮಡಚುವ ಕೊಡೆ ಮಾಡಿ ದೇಶವನ್ನೇ ಬೆರಗುಗೊಳಿಸಿತ್ತು, ಸುಳ್ಳಲ್ಲ. ಆಮೇಲೆ ವರ್ಷಕ್ಕೊಂದು ಕುಚ್ಚು ಕಟ್ಟಿ ಅದೇ ಕೊಡೆಯನ್ನು ಹೊಸ ಕೊಡೆ ಅಂತ ಮಾರುತ್ತಿತ್ತು. ಬೇರೆ ಯಾರಾದರೂ ಹೊಸದೇನಾದರೂ ಮಾಡಿದರೆ ಅದನ್ನು ಕೊಂಡು ಉಗ್ರಾಣಕ್ಕೆ ಹಾಕಿ ಬೀಗ ಜಡಿಯುತ್ತಿತ್ತು.

ಒಂದು ಹುಣ್ಣಿಮೆಯ ದರ್ಬಾರಿನಲ್ಲಿ ಕಾರ್ಖಾನೆಯ ಯಜಮಾನ ಉದ್ದಂಡಯ್ಯ ಎದ್ದು ನಿಂತ.

"ಪ್ರಭು, ಈ ರಾಜ್ಯದಲ್ಲಿ ಹೊಸದು ಹುಟ್ಟಿದರೆ ನಮ್ಮ ಸೂರಿನಡಿಯೇ ಹುಟ್ಟಬೇಕು. ಬೀದಿ ಬದಿಯ ಕಸುಬಿನವರೆಲ್ಲ ಅಂಗಡಿ ಮುಚ್ಚಿ ಕಾರ್ಖಾನೆ ಸೇರಲಿ. ಆಜ್ಞಾಪತ್ರ ಬರೆಸಿ ತಂದಿದ್ದೇನೆ. ತಾವು ಮುದ್ರೆ ಒತ್ತಿದರೆ ಮುಗಿಯಿತು."

ಈ ಪತ್ರದ ಸುದ್ದಿ ಆಗಲೇ ಊರೆಲ್ಲ ಹಬ್ಬಿತ್ತು. ಅಚ್ಚಪ್ಪನ ಪಕ್ಕದ ಮನೆಯ ಮೇದರ ಬೂದವ್ವ ಬೆಳಿಗ್ಗೆ ತಾನೇ ಕೇಳಿದ್ದಳು: "ಅಚ್ಚಣ್ಣ, ನನ್ನ ಬಿದಿರು ಕತ್ತಿ ಕಿತ್ಕೊಂಡ್ರೆ ನಾನು ಅಲ್ಲಿ ಹೋಗಿ ಕುಚ್ಚು ಕಟ್ಕೊಂಡು ಕೂರ್ಬೇಕಾ?"

ಅರಸ ಚಿಕ್ಕಭೂಪಾಲನಿಗೆ ಇದ್ಯಾವುದೂ ಕೇಳಿಸುತ್ತಿರಲಿಲ್ಲ. ಅವನ ಕಷ್ಟ ಬೇರೆ. ದರ್ಬಾರಿನ ಜರಿ ಅಂಗಿ ಹಾಕಿದರೆ ನಡುಬೆನ್ನು ತುರಿಸುತ್ತದೆ. ಸಭೆಯಲ್ಲಿ ಅರಸ ಕೈಯಿಂದ ಮೈ ತುರಿಸಿಕೊಳ್ಳಬಾರದು, ಬೇರೆಯವರ ಕೈಯೂ ಅವನ ಬೆನ್ನು ಮುಟ್ಟಬಾರದು, ಇದು ತುಂಬೆಗಿರಿಯ ಪದ್ಧತಿ. ಪಾಪ, ಸಿಂಹಾಸನಕ್ಕೆ ಬೆನ್ನು ಉಜ್ಜಿ ಉಜ್ಜಿ ಅದರ ಚಿನ್ನವೇ ಸವೆದಿತ್ತು.

ಅಚ್ಚಪ್ಪ ಬಗಲಿನಿಂದ ಒಂದು ಬಿದಿರು ಕಡ್ಡಿ ತೆಗೆದ. ತುದಿಯಲ್ಲಿ ಐದು ಹಲ್ಲು, ಸ್ವಲ್ಪ ಬಾಗಿದ್ದವು.

"ಪ್ರಭು, ಇದು ಬೂದವ್ವ ಮಾಡಿದ್ದು. ಕೈ ಮುಟ್ಟಬಾರದು ಅಂತಿದೆ. ಕಡ್ಡಿ ಮುಟ್ಟಬಾರದು ಅಂತ ಎಲ್ಲೂ ಇಲ್ಲ."

ಅರಸನ ಕಣ್ಣಲ್ಲಿ ನೀರು ಬಂತು. ಕೈ ಚಾಚಿದ. ಉದ್ದಂಡಯ್ಯ ಅಡ್ಡ ಬಂದ.

"ರಾಜದೇಹಕ್ಕೆ ತಾಗುವ ವಸ್ತು ಪ್ರಭು. ಮೊದಲು ನಮ್ಮ ಕಾರ್ಖಾನೆಯ ಎಲ್ಲ ವಿಭಾಗದವರೂ ನೋಡಿ ಒಪ್ಪಬೇಕು. ಅದು ನಮ್ಮ ಕ್ರಮ."

"ಸರಿ," ಅಂದ ಅಚ್ಚಪ್ಪ. "ಉದ್ದಂಡಯ್ಯನವರೇ, ನೀವು ಹೊಸದು ಹುಟ್ಟಿಸಬೇಕಾಗಿಲ್ಲ. ಹುಟ್ಟಿದ್ದನ್ನೇ ತಗೊಳ್ಳಿ. ಮುಂದಿನ ಹುಣ್ಣಿಮೆಗೆ ಇದರಿಂದ ಪ್ರಭುಗಳ ಬೆನ್ನಿನ ತುರಿಕೆ ನಿಂತರೆ ಮುದ್ರೆ ಬೀಳಲಿ, ನಾನೂ ಬಂದು ಕುಚ್ಚು ಕಟ್ಟುತ್ತೇನೆ. ಇಲ್ಲದಿದ್ದರೆ ಪತ್ರ ಹರಿಯಬೇಕು."

"ಅಯ್ಯೋ ಹುಚ್ಚಪ್ಪ," ಎಂದು ನಕ್ಕ ಉದ್ದಂಡಯ್ಯ. "ಕುಚ್ಚಿನ ದಾರ ತೆಗೆದಿಟ್ಟಿರುತ್ತೇನೆ, ಬಾ."

ಮುಂದಿನ ಹುಣ್ಣಿಮೆಗೆ ದರ್ಬಾರಿನ ಬಾಗಿಲು ಕಳಚಬೇಕಾಯಿತು. ಎಂಟು ಆಳುಗಳು ಉಸ್ಸೆನ್ನುತ್ತ ಏನನ್ನೋ ಹೊತ್ತು ತಂದರು.

"ಇದೇನಿದು?" ಎಂದ ಅರಸ.

"ಅದೇ ಕಡ್ಡಿ, ಪ್ರಭು. ಸ್ವಲ್ಪ ಸುಧಾರಿಸಿದ್ದೇವೆ," ಎಂದ ಉದ್ದಂಡಯ್ಯ.

"ಮೇಲೆ ಕೊಡೆ ಯಾಕಿದೆ?"

"ಕೊಡೆಯವರು ಒಪ್ಪಲಿಲ್ಲ ಪ್ರಭು. ಜನ ಕೈಯಲ್ಲಿ ಕಡ್ಡಿ ಹಿಡಿದರೆ ನಮ್ಮ ಕೊಡೆ ಹಿಡಿಯೋರು ಯಾರು ಅಂತ ಕೂತುಬಿಟ್ಟರು."

"ಈ ಗಂಟೆಗಳು?"

"ಕೊಡೆ ಸೇರಿಸಿದ್ದಕ್ಕೆ ಗಂಟೆಯವರು ಮುನಿಸಿಕೊಂಡರು."

ಅರಸ ತುದಿಯನ್ನು ಸವರಿ ನೋಡಿದ. ಬೆಣ್ಣೆಯ ಹಾಗಿತ್ತು. "ಹಲ್ಲು ಎಲ್ಲಯ್ಯ?"

"ಕಾವಲಿನವರು ಉಜ್ಜಿ ತೆಗೆದರು. ತಮ್ಮ ಬೆನ್ನಿಗೆ ತಾಗೀತು ಅಂತ."

"ತಾಗಬೇಕಲ್ಲಯ್ಯ!"

"ಮುಂದಿನ ವರ್ಷದ್ದರಲ್ಲಿ ಹಲ್ಲು ಇರುತ್ತೆ ಪ್ರಭು. ಜೊತೆಗೆ ಒಂದು ಕುಚ್ಚು."

ಅರಸ ಆಸೆ ಬಿಡಲಾರದೆ ಅದಕ್ಕೇ ಬೆನ್ನು ಕೊಟ್ಟ. ಗಂಟೆಗಳು ಮೊಳಗಿದವು, ಕೊಡೆ ಬಿಚ್ಚಿಕೊಂಡಿತು, ಕಿರೀಟ ಉರುಳಿ ಮಂತ್ರಿಯ ಮಡಿಲಿಗೆ ಬಿತ್ತು. ತುರಿಕೆ ಮಾತ್ರ ಇದ್ದಲ್ಲೇ ಇತ್ತು.

"ಹಳೇ ಕಡ್ಡಿ ಕೊಡ್ರಯ್ಯಾ."

"ಅದು ಉಗ್ರಾಣದಲ್ಲಿದೆ ಪ್ರಭು. ತೆಗೆಯಬೇಕಾದರೆ ಬೀಗದವರು ಬಾಗಿಲಿನವರನ್ನು ಕೇಳಬೇಕು, ಬಾಗಿಲಿನವರು..."

ಅಚ್ಚಪ್ಪ ಬಗಲಿಗೆ ಕೈ ಹಾಕಿ ಇನ್ನೊಂದು ಕಡ್ಡಿ ಎಳೆದ. "ಬೂದವ್ವ ನಿನ್ನೆ ಅನ್ನ ಬೇಯುವಷ್ಟರಲ್ಲಿ ಮಾಡಿಕೊಟ್ಟಳು. ಹಿಡಿಕೆ ಹೋದಸಲದ್ದಕ್ಕಿಂತ ಉದ್ದ. ಪ್ರಭುಗಳ ಬೆನ್ನು ಅಗಲವಂತೆ ಅಂತ ಯಾರೋ ಹೇಳಿದ್ದರಂತೆ."

ಅರಸ ಎರಡೂ ಕೈ ಚಾಚಿದ. ಅಚ್ಚಪ್ಪ ಕಡ್ಡಿಯನ್ನು ಹಿಂದಕ್ಕೆಳೆದುಕೊಂಡ.

"ತಡೀರಿ ಪ್ರಭು. ಆ ಪತ್ರ ಇನ್ನೂ ಇದೆಯಲ್ಲ. ನಾಳೆ ಅದಕ್ಕೆ ಮುದ್ರೆ ಬಿದ್ದರೆ ಇದೂ ಕಾರ್ಖಾನೆಗೆ ಸೇರಬೇಕು. ಅವರು ಇದಕ್ಕೂ ಕೊಡೆ ಕಟ್ಟುತ್ತಾರೆ."

ಅರಸ ಪತ್ರ ಹರಿದ ವೇಗಕ್ಕೆ ಚೂರುಗಳು ಉದ್ದಂಡಯ್ಯನ ರುಮಾಲಿನ ಮೇಲೆ ಬಿದ್ದವು. ಆಮೇಲೆ ಕಡ್ಡಿ ಬೆನ್ನಿಗಿಳಿಯಿತು. "ಹಾ... ಸ್ವಲ್ಪ ಎಡಕ್ಕೆ... ಹಾ..." ಅಂತ ತನಗೆ ತಾನೇ ಹೇಳಿಕೊಳ್ಳುತ್ತ ಅರಸ ಕಣ್ಣು ಮುಚ್ಚಿದ. ಆ ಸುಖದಲ್ಲೇ ಉಗ್ರಾಣದ ಬೀಗ ಒಡೆಸಿ ಅವರವರ ವಸ್ತು ಅವರವರಿಗೆ ಕೊಡಿಸಿದ.

ಕೊನೆಗೆ ಕಣ್ಣು ತೆರೆದು ನಕ್ಕ. "ಅಚ್ಚಪ್ಪ, ನಿನಗೇನಾದರೂ ಕೊಡಲೇಬೇಕು. ಇವತ್ತಿನಿಂದ ಕಾರ್ಖಾನೆಗೆ ನೀನೇ ಯಜಮಾನ."

ಅಚ್ಚಪ್ಪ ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದ.

"ಬೇಡ ಪ್ರಭು. ನನಗೂ ಆಗಾಗ ಬೆನ್ನು ತುರಿಸುತ್ತೆ."